ಕೋಲಾರದ ಏಟು, ಕಿಂಗ್‌ಸ್ಟನ್ನಿನ ತಾಳ

2003ರ ಮೇ ತಿಂಗಳಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ್ದು ಜಮೈಕಾದ ಶಾನ್ ಪಾಲ್ ಹಾಡಿದ ‘ಗೆಟ್ ಬಿಜಿ’. ಹಾಡಿನುದ್ದಕ್ಕೂ ಚಪ್ಪಾಳೆ ಬೀಳುತ್ತಲೇ ಇರುವ ಆ ತಾಳಕ್ಕೆ ಒಂದು ಹೆಸರಿದೆ: ‘ದಿವಾಲಿ’. ಕಟ್ಟಿದವರು ಸ್ಟೀವನ್ ಮಾರ್ಸ್‌ಡನ್, ಎಲ್ಲರ ಬಾಯಲ್ಲಿ ಲೆಂಕಿ. ಅದೇ ದಿವಾಲಿಯ ಮೇಲೆ ವೇಯ್ನ್ ವಂಡರ್ ‘ನೋ ಲೆಟಿಂಗ್ ಗೋ’ ಹಾಡಿದರು, ನ್ಯೂಯಾರ್ಕಿನ ಲುಮಿಡಿ ‘ನೆವರ್ ಲೀವ್ ಯು’ ಹಾಡಿದರು, ಇನ್ನೂ ಎಷ್ಟೋ ಮಂದಿ ತಂತಮ್ಮ ಹಾಡು ಕೂರಿಸಿದರು. ಮಾತು ಬೇರೆ, ರಾಗ ಬೇರೆ, ತಾಳ ಒಂದೇ. ಡ್ಯಾನ್ಸ್‌ಹಾಲ್ ಸಂಗೀತದ ಪದ್ಧತಿಯೇ ಹಾಗೆ. ಅಲ್ಲಿಯ ಜನ ತಾಳವನ್ನು ‘ರಿಡಿಮ್’ ಎನ್ನುತ್ತಾರೆ. ಪ್ರತಿ ರಿಡಿಮ್‌ಗೂ ಒಂದು ಹೆಸರು, ಆ ಹೆಸರಿನ ಹಿಂದೆ ಕಟ್ಟಿದವರ ಹೆಸರು.

ದೀಪಾವಳಿ ಅಷ್ಟು ದೂರ ಹೋದದ್ದು ಕಬ್ಬಿನ ತೋಟದ ಕೂಲಿಗಳ ಜೊತೆ. ಗುಲಾಮಗಿರಿ ರದ್ದಾದ ಮೇಲೆ ಜಮೈಕಾದ ತೋಟದ ಮಾಲೀಕರಿಗೆ ಅಗ್ಗದ ಆಳುಗಳು ಬೇಕಾದರು. 1845ರಲ್ಲಿ ಭಾರತದ ಮೊದಲ ಕರಾರು ಕೂಲಿಗಳು ಹಡಗಿನಲ್ಲಿ ಬಂದು ಅಲ್ಲಿ ಇಳಿದರು. ಹೋದವರು ಹೆಚ್ಚಾಗಿ ಗಂಗಾ ಬಯಲಿನವರು. ಅವರ ಹಬ್ಬ ಅಲ್ಲಿಯೇ ಬೇರೂರಿ, ಒಂದೂವರೆ ಶತಮಾನದ ಮೇಲೆ ಒಂದು ಕುಣಿತದ ತಾಳಕ್ಕೆ ಹೆಸರಾಗಿ ಲೋಕ ಸುತ್ತಿತು.

ಜನರನ್ನು ಬೀದಿಗಿಳಿಸಿ ಕುಣಿಸುವ ತಾಳಗಳು ಕೋಲಾರ ಸೀಮೆಯಲ್ಲೂ ಇವೆ. ಮಾಲೂರಿನ ಕರಗದಲ್ಲಿ, ಮುಳಬಾಗಿಲಿನ ಪಲ್ಲಕ್ಕಿ ಮೆರವಣಿಗೆಯಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಊರಹಬ್ಬದಲ್ಲಿ ಅವು ಕೇಳಿಸುತ್ತವೆ. ಆ ತಾಳಗಳಿಗೆ ವಾದಕರ ನಡುವೆ ಗುರುತುಗಳಿವೆ, ವರಸೆಗಳಿವೆ. ಆದರೆ ಕುಣಿದು ಮನೆಗೆ ಹೋದವರನ್ನು ನಿಲ್ಲಿಸಿ, ನೀವು ಯಾವ ಏಟಿಗೆ ಕುಣಿದಿರಿ, ನುಡಿಸಿದವರು ಯಾರು ಎಂದರೆ ಉತ್ತರ ಸಿಗುವುದಿಲ್ಲ. ಕರಪತ್ರದಲ್ಲಿ ಶಾಸಕರ ಹೆಸರಿರುತ್ತದೆ, ದಾನಿಗಳ ಹೆಸರಿರುತ್ತದೆ, ಹೂವಿನ ಅಲಂಕಾರದವರ ಹೆಸರೂ ಇರುತ್ತದೆ. ಕೊನೆಯ ಸಾಲಿನಲ್ಲಿ ‘ತಮಟೆ ವಾದ್ಯದೊಂದಿಗೆ’ ಎಂದಷ್ಟೇ ಅಚ್ಚಾಗಿರುತ್ತದೆ.

ಡ್ಯಾನ್ಸ್‌ಹಾಲ್ ಹುಟ್ಟಿದ್ದೂ ಬೀದಿಯಲ್ಲೇ. 1950ರ ದಶಕದ ಕಿಂಗ್‌ಸ್ಟನ್ನಿನಲ್ಲಿ ಬಡವರ ಕೇರಿಗಳ ಜನಕ್ಕೆ ಹೋಟೆಲಿನ ಬ್ಯಾಂಡು ಕೇಳುವ ಶಕ್ತಿ ಇರಲಿಲ್ಲ, ಅವರಿಗೆ ಬೇಕಾದ ಹಾಡು ರೇಡಿಯೋದಲ್ಲಿ ಬರುತ್ತಿರಲಿಲ್ಲ. ಕಾಕ್ಸನ್ ಡಾಡ್, ಡ್ಯೂಕ್ ರೀಡ್ ಮುಂತಾದವರು ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಬಯಲಿನಲ್ಲಿ ಜೋಡಿಸಿ ರೆಕಾರ್ಡು ಹಾಕಿದರು. ಜನ ಸೇರಿದರು, ಪಕ್ಕದಲ್ಲೇ ಊಟ, ಪಾನೀಯ ಮಾರಾಟವಾಯಿತು. ಯಾರ ಪೆಟ್ಟಿಗೆಯ ಸದ್ದು ದೊಡ್ಡದು, ಯಾರ ಹಾಡು ಹೊಸದು ಎಂಬ ಪೈಪೋಟಿಯಲ್ಲಿ ಒಂದು ಸಂಗೀತವೇ ಬೆಳೆಯಿತು. 1970ರ ದಶಕದ ಕೊನೆಗೆ, ಹಾಡಿಲ್ಲದ ಬರಿಯ ತಾಳ ಹಾಕಿ ಅದರ ಮೇಲೆ ಮೈಕು ಹಿಡಿದವನು ಸ್ಥಳದಲ್ಲೇ ಮಾತು ಪೋಣಿಸುವ ರೀತಿ ಮುನ್ನೆಲೆಗೆ ಬಂತು. ಅದೇ ಡ್ಯಾನ್ಸ್‌ಹಾಲ್. ಮೇಲಿನ ಬಡಾವಣೆಗಳ ಜನ ಅದನ್ನು ಗಲಾಟೆ ಎಂದರು, ಅಶ್ಲೀಲ ಎಂದರು. ಕೇರಿಯವರು ಕುಣಿಯುತ್ತಲೇ ಇದ್ದರು.

ಮುಳಬಾಗಿಲಿನ ಯಾವ ಹುಡುಗನಿಗೆ ಈ ಕಥೆ ಹೇಳಿದರೂ ಅರ್ಧ ಹೇಳುವಷ್ಟರಲ್ಲಿ ತಲೆದೂಗುತ್ತಾನೆ. ಗಣೇಶನನ್ನು ಬಿಡುವ ಸಂಜೆ ಟೆಂಪೊದ ಹಿಂಬದಿಯಲ್ಲಿ ಪೆಟ್ಟಿಗೆ ಪೇರಿಸಿ ಡಿಜೆ ಹೊರಟಿತೆಂದರೆ ತೆಲುಗಿನ ತೀನ್‌ಮಾರ್, ತಮಿಳಿನ ಟಪ್ಪಾಂಗುಚ್ಚಿ, ಕನ್ನಡದ ಸಿನಿಮಾ ಹಾಡು ಮೂರೂ ಒಂದರ ಬೆನ್ನಿಗೊಂದು ಬರುತ್ತವೆ. ಇದು ಮೂರು ರಾಜ್ಯ ಕೂಡುವ ಸೀಮೆ. ಪೂರ್ವಕ್ಕೆ ಹೊರಟರೆ ಪಲಮನೇರು, ದಕ್ಷಿಣಕ್ಕೆ ಹೊರಟರೆ ಕೃಷ್ಣಗಿರಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಕಡೆಯ ನೆಂಟರ ಜೊತೆ ತಮಿಳು. ಕುಣಿತಕ್ಕೆ ಇಲ್ಲಿ ಭಾಷೆಯ ತಕರಾರು ಎಂದೂ ಇಲ್ಲ.

ಆದರೂ ಡಿಜೆ ನಿಂತು ತಮಟೆ ಎದ್ದಾಗ ಗುಂಪಿನ ಮೈ ಬೇರೆಯೇ ಆಗುತ್ತದೆ. ಏಪ್ರಿಲ್ 14ರಂದು ಇದನ್ನು ನೋಡಬೇಕು. ಅಂಬೇಡ್ಕರ್ ಜಯಂತಿಗೆ ಹಳ್ಳಿಹಳ್ಳಿಯಿಂದ ಹೂವಿನ ಪಲ್ಲಕ್ಕಿಗಳು ಬರುವುದು ಕೋಲಾರ ಸೀಮೆಯ ದೊಡ್ಡ ಸಡಗರ. ದೇವರು ಕೂರುವ ಪಲ್ಲಕ್ಕಿಯಲ್ಲಿ ಬಾಬಾಸಾಹೇಬರ ಚಿತ್ರ. ಮುಂದೆ ತಮಟೆಯವರು. ಹೊರಡುವ ಮೊದಲು ರಸ್ತೆ ಬದಿಯಲ್ಲಿ ಒಣಹುಲ್ಲು, ಹಳೆಯ ಪೇಪರು ಗುಡ್ಡೆ ಹಾಕಿ ಬೆಂಕಿ ಕೊಡುತ್ತಾರೆ. ಚರ್ಮದ ಮುಖವನ್ನು ಉರಿಗೆ ತೋರಿಸುತ್ತ, ತಿರುಗಿಸುತ್ತ, ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಾರೆ. ತೇವ ಕುಡಿದ ಚರ್ಮ ಮೊದಲು ‘ಡಬ್’ ಎನ್ನುತ್ತದೆ. ಕಾವು ಏರಿದಂತೆ ಬಿಗಿಯಾಗಿ ‘ಟಣ್’ ಎನ್ನತೊಡಗುತ್ತದೆ. ಹೆಚ್ಚು ಕಾಯಿಸಿದರೆ ಚರ್ಮ ಹರಿಯುತ್ತದೆ, ಕಡಿಮೆಯಾದರೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಸದ್ದು ಕೂತುಬಿಡುತ್ತದೆ. ಆ ಹದ ಗೊತ್ತಿರುವುದು ತಂಡದ ಹಿರಿಯನಿಗೆ. ಅವನು ಸೈ ಎನ್ನುವ ತನಕ ಯಾರೂ ಹೆಗಲಿಗೆ ಹಾಕುವುದಿಲ್ಲ.

ಹೆಗಲಿಗೆ ಬಿದ್ದ ಮೇಲೆ ಎರಡು ಕೋಲುಗಳ ಆಟ. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ಸಪೂರ ಕಡ್ಡಿ. ದಪ್ಪ ಕೋಲು ಹೆಜ್ಜೆಯನ್ನು ಇಡುತ್ತದೆ, ಸಪೂರ ಕಡ್ಡಿ ಅದರ ಸಂದುಗಳನ್ನು ತುಂಬುತ್ತದೆ. ಆ ಸಂದುಗಳಲ್ಲೇ ಕುಣಿತ ಹುಟ್ಟುವುದು. ಮುಂದಾಳು ವರಸೆ ಬದಲಿಸುವ ಮೊದಲು ಕಣ್ಣಲ್ಲೇ ಸನ್ನೆ ಮಾಡುತ್ತಾನೆ, ಹತ್ತು ತಮಟೆಗಳು ಒಂದೇ ಏಟಿಗೆ ತಿರುಗುತ್ತವೆ. ಸುತ್ತು ಕಟ್ಟಿ, ಮಂಡಿಯೂರಿ, ಹಿಂದಕ್ಕೆ ಬಾಗಿ, ಮತ್ತೆ ಎದ್ದು ಜಿಗಿಯುವಾಗಲೂ ಒಂದು ಪೆಟ್ಟು ತಪ್ಪುವುದಿಲ್ಲ. ನುಡಿಸುವವನೇ ಕುಣಿಯುವವನೂ ಆದ್ದರಿಂದ ಇಲ್ಲಿ ವಾದಕ ಬೇರೆ, ನರ್ತಕ ಬೇರೆ ಎಂಬುದಿಲ್ಲ.

ಈ ಕಲೆಗೆ ದೇಶದ ಮಟ್ಟದಲ್ಲಿ ಒಂದು ಹೆಸರು ಸಿಕ್ಕಿದ್ದು 2023ರಲ್ಲಿ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಆ ವರ್ಷ ಪದ್ಮಶ್ರೀ ಬಂತು. ಅವರ ಊರು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ; 2007ರಲ್ಲಿ ಜಿಲ್ಲೆ ಒಡೆಯುವವರೆಗೆ ಅದು ಕೋಲಾರವೇ. ಹದಿಹರೆಯದಲ್ಲಿ ತಮಟೆ ಹಿಡಿದು ಎಪ್ಪತ್ತು ದಾಟಿದ ಮೇಲೂ ಬಿಡದ, ನೂರಾರು ಯುವಕರಿಗೆ ಏಟು ಕಲಿಸಿದ ಹಿರಿಯರು ಅವರು. ಅದೇ ವರ್ಷದ ಪಟ್ಟಿಯಲ್ಲಿ ಕೊಡಗಿನ ಉಮ್ಮತ್ತಾಟ್ ಕಲಾವಿದೆ ರಾಣಿ ಮಾಚಯ್ಯನವರೂ ಇದ್ದರು. ಜನಪದ ಕುಣಿತಕ್ಕೆ ಒಂದೇ ಸಲ ಕರ್ನಾಟಕದ ಇಬ್ಬರು ಆಯ್ಕೆಯಾದದ್ದು ಸಣ್ಣ ಮಾತಲ್ಲ. ರಾಷ್ಟ್ರಪತಿ ಭವನದಲ್ಲಿ ಮುನಿವೆಂಕಟಪ್ಪನವರ ಹೆಸರು ಕರೆದ ಗಳಿಗೆ ಈ ಸೀಮೆಯ ಎಷ್ಟೋ ಕೇರಿಗಳಿಗೆ ತಮ್ಮನ್ನೇ ಕರೆದಂತಿತ್ತು.

ಏಕೆಂದರೆ ತಮಟೆಯ ಹಿಂದಿರುವುದು ಹೊಗಳಿಕೆಯ ಚರಿತ್ರೆಯಲ್ಲ. ಸತ್ತವರ ಮನೆ ಮುಂದೆ ಬಡಿಯುವುದು, ಜಾತ್ರೆಯಲ್ಲಿ ಬಡಿಯುವುದು, ಊರಿಗೆಲ್ಲ ಸಾರುವುದು ಮಾದಿಗರ ಕೇರಿಯ ಚಾಕರಿಯಾಗಿತ್ತು. ಒಲ್ಲೆ ಎನ್ನುವ ಹಕ್ಕು ಇರಲಿಲ್ಲ. ಕೂಲಿಯಾಗಿ ಸಿಗುತ್ತಿದ್ದುದು ಒಂದಿಷ್ಟು ಕಾಳು, ಹಬ್ಬದ ಊಟದಲ್ಲಿ ದೂರದ ಪಂಕ್ತಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರಿಕೆಗಳ ವಂಶಪಾರಂಪರ್ಯವನ್ನು ಕಾಗದದಲ್ಲಿ ಮುಗಿಸಿತು. ಊರುಗಳಲ್ಲಿ ಅದು ಮುಗಿಯಲು ಇನ್ನೂ ಬಹಳ ಕಾಲ ಹಿಡಿಯಿತು. ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ ಎಷ್ಟೋ ಹುಡುಗರು ತಮಟೆ ಬಡಿಯುವುದಿಲ್ಲ ಎಂದು ನಿಂತರು. ಅದೇ ಹುಡುಗರು ಮೆರವಣಿಗೆಯ ಮುಂದೆ ತಮಟೆ ಹಿಡಿದರು. ಎರಡರಲ್ಲಿ ವಿರೋಧವಿಲ್ಲ. ಬೇಡವೆಂದದ್ದು ಬಿಟ್ಟಿ ಬಡಿತವನ್ನು, ಬೇಕೆಂದದ್ದು ತಮ್ಮ ತಾಳವನ್ನು.

ಜಮೈಕಾದ ತೋಟಗಳಲ್ಲೂ ಗುಲಾಮರು ಡೋಲು ಬಡಿಯಕೂಡದು ಎಂಬ ನಿಷೇಧವಿತ್ತು. ಡೋಲಿನ ಸದ್ದು ದಂಗೆಯ ಕರೆಯಾದೀತು ಎಂಬ ಭಯ ಮಾಲೀಕರಿಗೆ. ಅಲ್ಲಿ ಬಡಿಯಬೇಡ ಎಂದರು, ಇಲ್ಲಿ ಬಡಿಯಲೇಬೇಕು ಎಂದರು. ಎರಡೂ ಕಡೆ ತಾಳದ ಯಜಮಾನಿಕೆ ಮಾತ್ರ ಬಾರಿಸುವವನ ಕೈಯಲ್ಲಿರಲಿಲ್ಲ.

ಕೋಲಾರದ ದಲಿತ ಚಳವಳಿ ಹಾಡಿನ ಚಳವಳಿಯೂ ಹೌದು. ಕೋಟಿಗಾನಹಳ್ಳಿ ರಾಮಯ್ಯ, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಈ ಮಣ್ಣಿನಿಂದ ಬಂದವರು. ರಾಮಯ್ಯನವರು ಬರೆದ ಹಾಡುಗಳು ಬರೆದವರ ಹೆಸರು ಗೊತ್ತಿಲ್ಲದವರ ಬಾಯಲ್ಲೂ ಇವೆ. ಪಿಚ್ಚಳ್ಳಿ ಕಂಠ ಎತ್ತಿದರೆ ಮೈದಾನದ ಕೊನೆಯ ಸಾಲೂ ಎದ್ದು ಕೂರುತ್ತದೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರ ಕುರ್ಚಿಯಲ್ಲಿ ಪಿಚ್ಚಳ್ಳಿಯವರೂ ಕೂತರು, ನಂತರ 2024ರಲ್ಲಿ ಶಿವಪ್ರಸಾದ್ ಅವರೂ ನೇಮಕವಾದರು. ಅಂತರಗಂಗೆ ಬೆಟ್ಟಸಾಲಿನ ಮೇಲೆ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ದಲ್ಲಿ ಹುಣ್ಣಿಮೆ ಬಂತೆಂದರೆ ‘ಹುಣ್ಣಿಮೆ ಹಾಡು’. ಹಳ್ಳಿಯ ಮಕ್ಕಳು, ಬೆಂಗಳೂರಿನಿಂದ ಬಂದ ಓದುಗರು, ತಮಟೆಯವರು, ನಾಟಕದವರು ಒಂದೇ ಬಂಡೆಯ ಮೇಲೆ ಕೂರುವ ರಾತ್ರಿ ಅದು. ಸರ್ಕಾರದ ಯಾವ ಭವನವೂ ಈ ಜಿಲ್ಲೆಯ ಕಲೆಗೆ ಇಷ್ಟು ಆಸರೆ ಕೊಟ್ಟಿಲ್ಲವೆಂದರೆ ಅತಿಶಯೋಕ್ತಿಯಾಗದು.

ಹೋರಾಟದ ಹಾಡಿನ ಹಳೆಯ ಕಿರುಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಅಚ್ಚಾಗಿರುತ್ತದೆ. ತತ್ವಪದಗಳಲ್ಲೂ ಹಾಗೆಯೇ, ಕಂಪನಿ ನಾಟಕದ ಪದಗಳಲ್ಲೂ ಹಾಗೆಯೇ. ಗೊತ್ತಿರುವ ಒಂದು ಧಾಟಿ, ಅದರ ಮೇಲೆ ಹೊಸ ಮಾತು; ಕೇಳಿದ ಮೊದಲ ಸಲಕ್ಕೇ ಜನ ದನಿಗೂಡಿಸಬಹುದು. ಕಿಂಗ್‌ಸ್ಟನ್ನಿನವರು ರಿಡಿಮ್‌ನಿಂದ ಮಾಡಿದ ಕೆಲಸವನ್ನು ಕನ್ನಡದವರು ಧಾಟಿಯಿಂದ ಎಂದೋ ಮಾಡಿದ್ದರು. ಧಾಟಿಯ ಗುರುತನ್ನು ಅಚ್ಚು ಹಾಕಿದ ನಾಡು ಏಟಿನ ಗುರುತನ್ನು ಮಾತ್ರ ಅಚ್ಚಿಗೆ ಕೊಡಲಿಲ್ಲ. ರಾಗಕ್ಕೆ ಸಿಕ್ಕ ಮರ್ಯಾದೆ ಚರ್ಮಕ್ಕೆ ಸಿಗಲಿಲ್ಲ ಎಂಬುದು ಇದರ ನೇರ ಅರ್ಥ.

ಹೆಸರು ದಾಖಲಾದರೆ ಎಲ್ಲವೂ ಸರಿಹೋಗುತ್ತದೆಯೇ? ಜಮೈಕಾದ ಸಿಸ್ಟರ್ ನ್ಯಾನ್ಸಿಯ ಕಥೆ ಕೇಳಬೇಕು. 1982ರಲ್ಲಿ ಆಕೆ ‘ಸ್ಟಾಲಾಗ್’ ಎಂಬ ರಿಡಿಮ್ ಮೇಲೆ ‘ಬ್ಯಾಮ್ ಬ್ಯಾಮ್’ ಹಾಡಿದರು. ಗಂಡಸರೇ ತುಂಬಿದ್ದ ಡ್ಯಾನ್ಸ್‌ಹಾಲ್‌ನಲ್ಲಿ ಮೈಕು ಹಿಡಿದ ಮೊದಲಿಗರಲ್ಲಿ ಒಬ್ಬರು ಆಕೆ. ಹಾಡು ಲೋಕ ಸುತ್ತಿತು, ಸಿನಿಮಾಗಳಿಗೆ ಹೋಯಿತು. ಆಕೆಗೆ ಅದರಿಂದ ಕಾಸು ಬರಲಿಲ್ಲ. ಅಮೆರಿಕಕ್ಕೆ ಹೋಗಿ ಬ್ಯಾಂಕಿನಲ್ಲಿ ಲೆಕ್ಕದ ಕೆಲಸ ಮಾಡಿದರು. 2014ರಲ್ಲಿ ಒಂದು ಶೂ ಕಂಪನಿಯ ಜಾಹೀರಾತಿನಲ್ಲಿ ತಮ್ಮದೇ ದನಿ ಕೇಳಿದ ಮೇಲೆ ವಕೀಲರನ್ನು ಹಿಡಿದರು. ಹಾಡಿನ ಅರ್ಧ ಹಕ್ಕು ಕೈಗೆ ಬಂತು. ಮೂರು ದಶಕ ತಡವಾದರೂ ಹಕ್ಕು ಕೇಳಲು ಸಾಧ್ಯವಾದದ್ದು ಹಾಡಿಗೆ ಹೆಸರಿತ್ತು, ಹಾಡಿದವರಿಗೂ ಹೆಸರಿತ್ತು ಎಂಬ ಕಾರಣಕ್ಕೆ.

ಹತ್ತಿರದ ಉದಾಹರಣೆಯೂ ಇದೆ. 2021ರ ಮಾರ್ಚಿನಲ್ಲಿ ಬಂದ ತಮಿಳಿನ ‘ಎಂಜಾಯ್ ಎಂಜಾಮಿ’ಗೆ ಕೋಲಾರ ಸೀಮೆಯ ಹುಡುಗರೂ ಮನಸಾರೆ ಕುಣಿದರು. ಸಂತೋಷ್ ನಾರಾಯಣನ್ ಸಂಗೀತ, ಧೀ ಮತ್ತು ಅರಿವು ಕಂಠ. ಸಿಲೋನಿನ ಚಹಾ ತೋಟದಲ್ಲಿ ದುಡಿದ ತನ್ನ ಅಜ್ಜಿ ವಳ್ಳಿಯಮ್ಮಾಳ್ ಬದುಕನ್ನು ಅರಿವು ಆ ಹಾಡಿಗೆ ತಂದರು. ಕೆಲವೇ ತಿಂಗಳಲ್ಲಿ, ಹಾಡಿನ ಯಶಸ್ಸನ್ನು ಸಂಭ್ರಮಿಸುವ ಕಡೆ ಅರಿವು ಹೆಸರೇ ಕಾಣದೆ ದೊಡ್ಡ ವಿವಾದವಾಯಿತು. ನೆಲವಿಲ್ಲದವರ ಹಾಡಿನಲ್ಲೂ ಬರೆದವನ ಜಾಗಕ್ಕಾಗಿ ಜಗಳ ಆಡಬೇಕಾಗಿ ಬಂತು.

ಕನ್ನಡ ಸಿನಿಮಾ ಈಚೆಗೆ ಈ ತಾಳಗಳ ಕಡೆ ಕಿವಿಗೊಟ್ಟಿದೆ. ಸಂಗೀತ ನಿರ್ದೇಶಕ ಚರಣ್ ರಾಜ್ 2018ರ ‘ಟಗರು’ ಚಿತ್ರದ ಶೀರ್ಷಿಕೆ ಹಾಡನ್ನು ತಮಿಳು ಜನಪದದ ಆಂಥೋನಿ ದಾಸನ್ ಕೈಯಲ್ಲಿ ಹಾಡಿಸಿದರು. ಆ ಹಾಡಿಲ್ಲದ ಮದುವೆ ಮೆರವಣಿಗೆ ಆಮೇಲೆ ಹಲವು ತಿಂಗಳು ಈ ಕಡೆ ನಡೆದಿರಲಾರದು. 2021ರ ‘ಸಲಗ’ದಲ್ಲಿ ಅವರೇ ಉತ್ತರ ಕನ್ನಡದ ಸಿದ್ದಿ ಕಲಾವಿದರನ್ನು, ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮುಂತಾದವರನ್ನು ಕರೆತಂದು ‘ಟಿಣಿಂಗ ಮಿಣಿಂಗ’ ಮಾಡಿದರು. ಆಫ್ರಿಕಾ ಮೂಲದ ಕನ್ನಡಿಗರ ದನಿ ಕನ್ನಡದ ದೊಡ್ಡ ಹಿಟ್ ಆಯಿತು, ಹಾಡಿದವರ ಹೆಸರೂ ಜನಕ್ಕೆ ತಲುಪಿತು. ಕೋಲಾರದ ತಮಟೆಗೆ ಅಂಥ ಒಂದು ಹಾಡು ಇನ್ನೂ ಬರಬೇಕಾಗಿದೆ. ಕನ್ನಡದ ಮಣ್ಣಿನ ಒಬ್ಬ ಕುಣಿತಗಾರನ ಚಿತ್ರದಲ್ಲಿ ಡ್ಯಾನ್ಸ್‌ಹಾಲ್ ಕೂಡ ಕೇಳಿಸಿತ್ತು ಎಂಬುದು ಇಲ್ಲಿ ನೆನಪಾಗುತ್ತದೆ: 1996ರ ‘ಲವ್ ಬರ್ಡ್ಸ್’ ಚಿತ್ರಕ್ಕೆ ಎ.ಆರ್. ರೆಹಮಾನ್ ಬರ್ಮಿಂಗ್‌ಹ್ಯಾಮಿನ ಡ್ಯಾನ್ಸ್‌ಹಾಲ್ ಗಾಯಕ ಅಪಾಚೆ ಇಂಡಿಯನ್ ಅವರಿಂದ ‘ನೋ ಪ್ರಾಬ್ಲಮ್’ ಹಾಡಿಸಿದರು. ತೆರೆಯ ಮೇಲೆ ನಾಯಕ ಮೂಗೂರು ಸುಂದರ್ ಅವರ ಮಗ ಪ್ರಭುದೇವ.

ಕರಗದ ರಾತ್ರಿ ಆರ್ಕೆಸ್ಟ್ರಾ ವೇದಿಕೆಯಲ್ಲಿ ಈಗ ತಮಟೆಯ ಸದ್ದು ಬರುವುದು ರಿದಮ್ ಪ್ಯಾಡಿನಿಂದ. ಗುಂಡಿ ಒತ್ತಿದರೆ ತಮಟೆ, ಇನ್ನೊಂದು ಒತ್ತಿದರೆ ಉರುಮೆ. ಯಂತ್ರ ಬಂದರೆ ಕಲೆ ಸಾಯುತ್ತದೆ ಎಂದು ಕೊರಗುವವರು 1985ರ ಕಡೆ ನೋಡಬೇಕು. ಜಪಾನಿನ ಕ್ಯಾಸಿಯೊ ಕಂಪನಿಯ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಒಂದು ಸಿದ್ಧ ತಾಳವಿತ್ತು. ಅದನ್ನು ಕೂರಿಸಿದವರು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹಿರೋಕೊ ಒಕುಡಾ ಎಂಬ ಯುವತಿ. ಕಿಂಗ್‌ಸ್ಟನ್ನಿನ ಗಾಯಕ ವೇಯ್ನ್ ಸ್ಮಿತ್ ಮತ್ತು ಗೆಳೆಯ ನೋಯೆಲ್ ಡೇವಿ ಕೈಗೆ ಆ ಕೀಬೋರ್ಡು ಸಿಕ್ಕಿತು. ನಿರ್ಮಾಪಕ ಕಿಂಗ್ ಜ್ಯಾಮಿ ಆ ತಾಳವನ್ನು ನಿಧಾನಿಸಿ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಮಾಡಿದರು, ಡ್ಯಾನ್ಸ್‌ಹಾಲ್‌ನ ದಾರಿಯೇ ಬದಲಾಯಿತು. ಒಕುಡಾ ಹೆಸರು ಲೋಕಕ್ಕೆ ಗೊತ್ತಾಗಲು ಮಾತ್ರ ಬಹಳ ವರ್ಷ ಬೇಕಾಯಿತು. ಪ್ಯಾಡಿನೊಳಗಿನ ತಮಟೆಯೂ ಯಾರೋ ಒಬ್ಬರ ಕೈಯದೇ. ಯಂತ್ರದಿಂದ ಆಗುವ ನಷ್ಟ ಸದ್ದಿನದಲ್ಲ, ಆ ಕೈಯ ಗುರುತಿನದು.

ಡಿಜೆ ಪೆಟ್ಟಿಗೆಗೆ ಈ ನಡುವೆ ಕಡಿವಾಣ ಬೀಳುತ್ತಿದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಗಣೇಶನ ಹಬ್ಬಕ್ಕೆ ಮುಂಚಿನ ಶಾಂತಿಸಭೆಯಲ್ಲಿ ಡಿಜೆಗೆ ಅನುಮತಿ ಇಲ್ಲವೆಂದು ಪೊಲೀಸರು ಹೇಳುವುದು ವಾಡಿಕೆಯಾಗಿದೆ. ಆಗ ಸಂಘದ ಹುಡುಗರು ಮೊಬೈಲು ತೆಗೆದು ಹುಡುಕುವುದು ತಮಟೆಯವರನ್ನೇ. ಚರ್ಮದ ಬದಲು ಫೈಬರ್ ಮುಖ, ಮರದ ಬದಲು ಕಬ್ಬಿಣದ ಬಳೆ, ಬಿಗಿಗೊಳಿಸಲು ನಟ್ಟು ಬೋಲ್ಟು ಬಂದ ಮೇಲೆ ಮಳೆಯಲ್ಲೂ ನುಡಿಸಬಹುದು, ಬೆಂಕಿಯೂ ಬೇಡ. ಸದ್ದು ತುಸು ಕಿವಿಗಿರಿಯುತ್ತದೆ, ಚರ್ಮದ ಮಂದ್ರ ಇಲ್ಲ. ಆದರೆ ಆ ಬಿಳಿಯ ಫೈಬರ್ ಮೇಲೆ ತಂಡದ ಹೆಸರು, ಊರು, ಫೋನ್ ನಂಬರು ಬರೆಯಲು ಜಾಗವಿದೆ. ಬರೆದೂ ಇದ್ದಾರೆ.

ಬರೆದವರಲ್ಲಿ ಓದಿದ ಹುಡುಗರಿದ್ದಾರೆ. ಹಗಲು ವೇಮಗಲ್, ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ, ವಾರದ ಕೊನೆಗೆ ತಮಟೆ. ಮುಂಗಡ ತೆಗೆದುಕೊಳ್ಳುತ್ತಾರೆ, ದರ ಹೇಳುತ್ತಾರೆ, ಒಂದೇ ಬಣ್ಣದ ಟೀಶರ್ಟು ಹಾಕುತ್ತಾರೆ, ಸಾವಿಗೆ ಬರುವುದಿಲ್ಲ ಎಂದು ಹೇಳುವ ತಂಡಗಳೂ ಇವೆ. ಕಾಲೇಜಿನ ಯುವಜನೋತ್ಸವದಲ್ಲಿ ಹುಡುಗಿಯರು ತಮಟೆ ಹೆಗಲಿಗೇರಿಸುವುದು ಈಗ ಅಪರೂಪವಲ್ಲ. ಜಮೈಕಾದಲ್ಲೂ ಈ ಕಾಲ ಹುಡುಗಿಯರದ್ದು. ಸ್ಪ್ಯಾನಿಷ್ ಟೌನ್‌ನ ಕಾಫಿ ಎಂಬಾಕೆ 2018ರಲ್ಲಿ ‘ಟೋಸ್ಟ್’ ಹಾಡಿ, 2020ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲು, ರೆಗ್ಗೆಯ ಗ್ರ್ಯಾಮಿ ಪಡೆದರು. ಶೆನ್ಸಿಯಾ, ಸ್ಪೈಸ್ ಹೆಸರು ಬೆಂಗಳೂರಿನ ಪಬ್ಬುಗಳಿಗೂ ಗೊತ್ತು.

ಈ ಏಟುಗಳನ್ನು ಹೆಸರಿನೊಂದಿಗೆ ದಾಖಲಿಸುವುದು ಜಾನಪದ ಅಕಾಡೆಮಿಗೆ, ಆದಿಮದಂಥ ಜಾಗಗಳಿಗೆ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಕೈಗೆಟಕುವ ಕೆಲಸ. ಜಿಲ್ಲೆಯ ತಾಲ್ಲೂಕುಗಳ ತಂಡಗಳನ್ನು ಕೂರಿಸಿ, ಪ್ರತಿ ವರಸೆಯನ್ನೂ ಬಿಡಿಬಿಡಿಯಾಗಿ ಧ್ವನಿಮುದ್ರಿಸಿ, ನುಡಿಸಿದವರು ಕರೆಯುವ ಹೆಸರನ್ನೇ ಅದಕ್ಕೆ ಇಟ್ಟು, ಯಾರಿಂದ ಯಾರು ಕಲಿತರು ಎಂದು ಬರೆದಿಡಬಹುದು. ಫೈಬರ್‌ದು ಬೇರೆ, ಚರ್ಮದ್ದು ಬೇರೆ ಮುದ್ರಿಸಬೇಕು. ಉರಿಗೆ ಕಾಯಿಸುವ ಹದ ಬಲ್ಲ ಹಿರಿಯರು ಇರುವಾಗಲೇ ಇದು ಆಗಬೇಕು. ನಾಳೆ ಯಾವುದೋ ಸಂಗೀತ ನಿರ್ದೇಶಕ ಶ್ರೀನಿವಾಸಪುರದ ಒಂದು ಏಟನ್ನು ಹಾಡಿಗೆ ತೆಗೆದುಕೊಂಡರೆ, ಆ ತಂಡದವರು ದಾಖಲೆ ತೋರಿಸಿ ತಮ್ಮ ಪಾಲು ಕೇಳಬಹುದು.